ಇರುಳಲ್ಲಿ ತತ್ತಿ ತಿನ್ನುವ ಜೇಡವನ್ನೂ ಲೆಕ್ಕಕ್ಕೆ ಹಿಡಿಯಬೇಕು

ಬೆಳಗಿನ ಹೊತ್ತು ಹೊಲಕ್ಕೆ ಹೋಗಿ, ಅಲ್ಲಲ್ಲಿ ಇಪ್ಪತ್ತು ಗಿಡ ಆರಿಸಿ, ಕುಡಿ ಎಲೆ ಮತ್ತು ಮೊಗ್ಗುಗಳ ಮೇಲಿರುವ ಕಾಯಿಕೊರಕದ ತತ್ತಿಗಳನ್ನು ಎಣಿಸಬೇಕು. ಗಿಡಕ್ಕೆ ಸರಾಸರಿ ಇಷ್ಟು ತತ್ತಿ ಕಂಡರೆ ಔಷಧಿ ಸಿಂಪಡಿಸಬೇಕು ಎಂದು ನಾವು ರೈತ ಬಾಂಧವರಿಗೆ ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಏನೂ ನೋಡದೆ ವಾರಕ್ಕೊಮ್ಮೆ ಪಂಪು ಹೆಗಲಿಗೇರಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ ಎಣಿಕೆಯಲ್ಲಿ ಒಂದು ಕೊರತೆಯಿದೆ. ನಾವು ಎಣಿಸುವುದು ಹಗಲಿನಲ್ಲಿ. ತತ್ತಿ ಇಡುವ ಪತಂಗ ಹಾರಾಡುವುದು ರಾತ್ರಿಯಲ್ಲಿ. ಆ ತತ್ತಿಯನ್ನು ತಿನ್ನುವ ಜೀವಿಗಳಲ್ಲಿ ಅನೇಕವು ಕೆಲಸಕ್ಕೆ ಇಳಿಯುವುದೂ ರಾತ್ರಿಯಲ್ಲಿಯೇ. ಹೀಗಾಗಿ ಹಗಲು ನೋಡುವವನಿಗೆ ಶತ್ರುವಿನ ಲೆಕ್ಕ ಸಿಗುತ್ತದೆ, ಮಿತ್ರನ ಲೆಕ್ಕ ಸಿಗುವುದಿಲ್ಲ.

ತತ್ತಿ ಒಂದನ್ನೇ ನೋಡಿ ಔಷಧಿ ಹೊಡೆಯಿರಿ ಎಂಬ ಸಲಹೆಯನ್ನು ನಮ್ಮ ಕೈಪಿಡಿಗಳಿಂದ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಬೇಸಾಯಶಾಸ್ತ್ರದವನು, ಕೀಟಶಾಸ್ತ್ರದವನಲ್ಲ. ಆ ವಿಭಾಗದ ಮಿತ್ರರಲ್ಲಿ ಕೆಲವರು ಇದನ್ನು ಒಪ್ಪದಿರಬಹುದು. ಅವರ ಮುಂದೆಯೂ ತಮ್ಮ ಮುಂದೆಯೂ ನಾನು ಸಾಕ್ಷಿಯಾಗಿ ನಿಲ್ಲಿಸುವುದು ಒಂದು ಸಣ್ಣ ಜೇಡವನ್ನು. ಅದೂ ನಮ್ಮ ದೇಶದ್ದಲ್ಲ, ಅಮೆರಿಕ ಖಂಡಗಳದ್ದು.

ಈ ಜೇಡದ ಕುಲದ ಹೆಸರು ಹಿಬಾನಾ. ಕೆನಡಾದ ದಕ್ಷಿಣ ಭಾಗದಿಂದ ಹಿಡಿದು ಅಮೆರಿಕ ಸಂಯುಕ್ತ ಸಂಸ್ಥಾನ, ಮೆಕ್ಸಿಕೊ, ಮಧ್ಯ ಅಮೆರಿಕದ ದೇಶಗಳನ್ನು ದಾಟಿ ಬ್ರೆಜಿಲ್ ವರೆಗೆ ಇದರ ಸುಮಾರು 20 ಜಾತಿಗಳು ಹರಡಿವೆ. ಬ್ರೆಜಿಲ್ ದೇಶದ ಜೇಡತಜ್ಞ ಬ್ರೆಸ್ಕೊವಿಟ್ ಅವರು 1991ರಲ್ಲಿ ಈ ಕುಲಕ್ಕೆ ಹಿಬಾನಾ ಎಂದು ಹೆಸರಿಟ್ಟರು. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಇದರ ಹಲವು ಜಾತಿಗಳು ಅಯ್ಶಾ ಎಂಬ ಹೆಸರಿನಲ್ಲಿ ಸಿಗುತ್ತವೆ. ಮೈಯ ಉದ್ದ ಸಾಮಾನ್ಯವಾಗಿ 5ರಿಂದ 10 ಮಿ.ಮೀ. ಬಣ್ಣ ಮಾಸಲು ಹಳದಿ ಅಥವಾ ಹಾಲುಗೆನೆ, ಮೇಲೆ ಮಸುಕಾದ ಕಂದು ಗೆರೆಗಳು. ಇದು ಸೇರಿದ ಕುಟುಂಬವನ್ನು ಅಲ್ಲಿನ ಜನ ಭೂತಜೇಡಗಳು ಎಂದು ಕರೆಯುತ್ತಾರೆ. ಬಿಳಚಿದ ಮೈಯಿಂದ, ಕಂಡಂತೆ ಕಂಡು ಮರೆಯಾಗುವ ಓಟದಿಂದ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ಜೇಡ ಎಂದೊಡನೆ ಬಲೆ ಕಣ್ಣಮುಂದೆ ಬರುತ್ತದೆ. ಹಿಬಾನಾ ಬೇಟೆಗಾಗಿ ಬಲೆ ಕಟ್ಟುವುದಿಲ್ಲ. ಹಗಲೆಲ್ಲ ಮುದುಡಿದ ಎಲೆಯೊಳಗೆ ನೂಲಿನ ಸಣ್ಣ ಚೀಲ ಮಾಡಿಕೊಂಡು ಮಲಗಿರುತ್ತದೆ. ಕತ್ತಲಾದ ಮೇಲೆ ಹೊರಬಿದ್ದು, ಎಲೆಯಿಂದ ಎಲೆಗೆ, ಕುಡಿಯಿಂದ ಮೊಗ್ಗಿಗೆ ತಡಕಾಡುತ್ತ ಓಡುತ್ತದೆ. ಇದರ ಪಾದಗಳ ತುದಿಯಲ್ಲಿ ಚಪ್ಪಟೆ ಕೂದಲಿನ ಕುಚ್ಚುಗಳಿವೆ. ನುಣುಪಾದ ಎಲೆಯ ತಳಭಾಗದಲ್ಲಿಯೂ ತಲೆಕೆಳಗಾಗಿ ಓಡಬಲ್ಲದು. ಎದುರಿಗೆ ಓಡಾಡುವ ಹುಳುವನ್ನು ಹಿಡಿಯುವುದು ಎಲ್ಲ ಜೇಡಗಳ ಕೆಲಸ. ಇದು ಅಲುಗಾಡದೆ ಕುಳಿತಿರುವ ತತ್ತಿಯನ್ನೂ ಹುಡುಕಿ ಹೀರುತ್ತದೆ, ಇದೇ ನಮಗೆ ಮುಖ್ಯವಾದ ಸಂಗತಿ. ಜೇಡಗಳು ಜೀವಂತವಾಗಿ ಚಲಿಸುವ ಬೇಟೆಯನ್ನು ಮಾತ್ರ ಮುಟ್ಟುತ್ತವೆ ಎಂಬ ತಿಳಿವಳಿಕೆ ಬಹುಕಾಲ ಇದ್ದುದರಿಂದ, ತತ್ತಿ ನಾಶದ ಲೆಕ್ಕದಲ್ಲಿ ಇವಕ್ಕೆ ಯಾರೂ ಹೆಚ್ಚು ಪಾಲು ಕೊಟ್ಟಿರಲಿಲ್ಲ.

ಆ ಲೆಕ್ಕವನ್ನು ತಿದ್ದಿದ ಕೆಲಸ ನಡೆದದ್ದು ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ರಿಯೊ ಗ್ರಾಂಡೆ ನದಿಯ ಕೆಳಕಣಿವೆಯಲ್ಲಿ. ಈ ಸೀಮೆಯ ಹತ್ತಿಯ ಕಥೆ ನಮ್ಮ ರಾಯಚೂರು, ಗುಂಟೂರು ಭಾಗದವರಿಗೆ ಹೊಸದೆನಿಸದು. 1960ರ ದಶಕದಲ್ಲಿ ಅಲ್ಲಿ ಹಾಗೂ ಗಡಿಯಾಚೆಯ ಮೆಕ್ಸಿಕೊದ ಈಶಾನ್ಯ ಭಾಗದಲ್ಲಿ ಹತ್ತಿಗೆ ಮೇಲಿಂದ ಮೇಲೆ ಔಷಧಿ ಹೊಡೆದರು. ಮೂತಿಹುಳುವಿಗೆಂದು ಹೊಡೆದ ಔಷಧಿ ಮಿತ್ರಜೀವಿಗಳನ್ನು ಅಳಿಸಿತು. ಅದುವರೆಗೆ ಸಣ್ಣ ಪೀಡೆಯಾಗಿದ್ದ ಮೊಗ್ಗುಕೊರಕ ದೊಡ್ಡ ಪೀಡೆಯಾಯಿತು, ಕೊನೆಗೆ ಅದು ಯಾವ ಔಷಧಿಗೂ ಜಗ್ಗಲಿಲ್ಲ. ಮೆಕ್ಸಿಕೊದ ಆ ಭಾಗದಲ್ಲಿ ಲಕ್ಷಗಟ್ಟಲೆ ಎಕರೆಯಿದ್ದ ಹತ್ತಿ 1970ರ ವೇಳೆಗೆ ಒಂದೆರಡು ಸಾವಿರ ಎಕರೆಗೆ ಇಳಿಯಿತು. ಟೆಕ್ಸಾಸ್‌ನ ಪೆರಿ ಆಡ್ಕಿಸನ್ ಮುಂತಾದವರು ಸಮಗ್ರ ಪೀಡೆ ನಿರ್ವಹಣೆಯ ಮಾತನ್ನು ಗಟ್ಟಿಯಾಗಿ ಹೇಳತೊಡಗಿದ್ದು ಇಂಥ ಪೆಟ್ಟು ತಿಂದ ಮೇಲೆ. ನಮ್ಮಲ್ಲಿ 1987-88ರಲ್ಲಿ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಪೈರೆಥ್ರಾಯ್ಡ್ ಔಷಧಿಗಳು ಕಾಯಿಕೊರಕದ ಮುಂದೆ ಸೋತಾಗ ನಡೆದದ್ದೂ ಇದೇ ಕಥೆ.

ಅದೇ ಕಣಿವೆಯ ವೆಸ್ಲಾಕೊ ಎಂಬ ಊರಿನಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಫ್ಯಾನೆನ್‌ಸ್ಟೀಲ್ ಎಂಬ ಕೀಟತಜ್ಞರು 2000ದ ನಂತರದ ವರ್ಷಗಳಲ್ಲಿ ಒಂದು ಸರಳವಾದ, ಆದರೆ ನಿದ್ದೆಗೆಡಿಸುವ ಕೆಲಸ ಮಾಡಿದರು. ಹತ್ತಿ, ಗೋವಿನಜೋಳ, ಸೋಯಾ ಅವರೆ ಹೊಲಗಳಲ್ಲಿ ಗಿಡದ ಮೇಲೆ ಪತಂಗದ ತತ್ತಿಗಳನ್ನು ಇಟ್ಟು, ಹಗಲೂ ರಾತ್ರಿಯೂ ಗೊತ್ತಾದ ಅಂತರಕ್ಕೊಮ್ಮೆ ಹೋಗಿ, ಯಾವ ಜೀವಿ ಅದನ್ನು ತಿನ್ನುತ್ತಿದೆ ಎಂದು ಕಣ್ಣಾರೆ ನೋಡಿ ಬರೆದಿಟ್ಟರು. 2008ರಲ್ಲಿ ಪ್ರಕಟವಾದ ಅವರ ವರದಿಯ ಸಾರವಿಷ್ಟು: ತತ್ತಿ ತಿನ್ನುವವರಲ್ಲಿ ಜೇಡಗಳು ಸಣ್ಣ ಪಾಲುದಾರರಲ್ಲ; ಹಾಗೆ ತಿನ್ನುವ ಜೇಡಗಳಲ್ಲಿ ಬಲೆ ಕಟ್ಟುವವುಗಳಿಗಿಂತ ಅಲೆದಾಡಿ ಬೇಟೆಯಾಡುವವೇ ಹೆಚ್ಚು; ಅವುಗಳಲ್ಲಿ ಹಿಬಾನಾ ಮತ್ತು ಅದರ ಜೊತೆಗಾರ ಚೈರಕ್ಯಾಂಥಿಯಂ ಮುಂದಿನ ಸಾಲಿನವು; ಮತ್ತು ಈ ಜೇಡಗಳ ಕೆಲಸ ಬಹುಪಾಲು ನಡೆಯುವುದು ರಾತ್ರಿ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಒಂದು ಬೆಳಿಗ್ಗೆ ನಾವು ಹೊಲದಲ್ಲಿ ಗಿಡಕ್ಕೆ ಎರಡು ತತ್ತಿ ಕಂಡೆವು ಎನ್ನೋಣ. ಹೆಲಿಕೋವರ್ಪಾ ಕಾಯಿಕೊರಕದ ತತ್ತಿ ಒಡೆಯಲು ಮೂರು ನಾಲ್ಕು ದಿನ ಬೇಕು. ಅಂದರೆ ಆ ತತ್ತಿಗಳ ಮೇಲೆ ಇನ್ನೂ ಎರಡು ಮೂರು ರಾತ್ರಿಗಳು ಹಾಯಬೇಕು. ಆ ರಾತ್ರಿಗಳಲ್ಲಿ ಎಷ್ಟು ತತ್ತಿ ಉಳಿಯುತ್ತವೆ, ಎಷ್ಟು ಬರಿಯ ಸಿಪ್ಪೆಯಾಗುತ್ತವೆ ಎಂಬುದು ನಮ್ಮ ಬೆಳಗಿನ ಎಣಿಕೆಯಲ್ಲಿಲ್ಲ. ಸಂಜೆಯೇ ತತ್ತಿನಾಶಕವೆಂದು ಬಲವಾದ ಔಷಧಿ ಹೊಡೆದೆವೆಂದರೆ, ಚೀಲದಿಂದ ಹೊರಬೀಳುವ ಹೊತ್ತಿಗೆ ಸರಿಯಾಗಿ ಜೇಡದ ಮೇಲೆ ವಿಷ ಬಿತ್ತು. ಪೈರೆಥ್ರಾಯ್ಡ್ ಔಷಧಿಗಳಂತೂ ಜೇಡಗಳಿಗೆ ಬಹಳ ಮಾರಕ. ಇನ್ನೊಂದು ತೊಂದರೆಯೆಂದರೆ, ಪತಂಗ ಒಂದೊಂದು ನೂರಾರು ತತ್ತಿ ಇಟ್ಟು ತಿಂಗಳೊಪ್ಪತ್ತಿನಲ್ಲಿ ಮುಂದಿನ ಪೀಳಿಗೆ ಎಬ್ಬಿಸುತ್ತದೆ. ಜೇಡದ ವಂಶ ಅಷ್ಟು ಬೇಗ ಬೆಳೆಯುವುದಿಲ್ಲ. ಒಂದು ಸಿಂಪರಣೆಯಿಂದ ಇಬ್ಬರೂ ಸತ್ತರೆ, ಮೊದಲು ಮರಳಿ ಬರುವವನು ಶತ್ರುವೇ.

ಟೆಕ್ಸಾಸ್‌ನಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬೇಸಾಯಶಾಸ್ತ್ರದವನಾದ ನನಗೆ ಇದೇ ಹೆಚ್ಚು ಹಿಡಿಸಿದ್ದು. ಹತ್ತಿ ಎಲೆಯನ್ನು ತಿರುವಿ ನೋಡಿದರೆ ನಡುನರದ ಮೇಲೆ ಒಂದು ಸಣ್ಣ ಗುಳಿ ಕಾಣುತ್ತದೆ. ಅದರಿಂದ ಸಿಹಿರಸ ಒಸರುತ್ತದೆ. ಹೂವಿನ ಬುಡದ ತೊಟ್ಟೆಲೆಗಳಲ್ಲಿಯೂ ಇಂಥ ಮಕರಂದ ಗ್ರಂಥಿಗಳಿವೆ. ಇರುವೆಗಳು ಅಲ್ಲಿ ಸುತ್ತುವುದನ್ನು ತಾವೆಲ್ಲ ನೋಡಿದ್ದೀರಿ. ರಾಬಿನ್ ಟೇಲರ್ ಮತ್ತು ಫ್ಯಾನೆನ್‌ಸ್ಟೀಲ್ ಅವರು ಹತ್ತಿ ಗಿಡಗಳಿಂದ ಹಿಡಿದ ಅಲೆಮಾರಿ ಜೇಡಗಳ ಮೈಯಲ್ಲಿ ಸಸ್ಯದ ಸಕ್ಕರೆ ಇದೆಯೇ ಎಂದು ಪರೀಕ್ಷಿಸಿದಾಗ, ಅವುಗಳಲ್ಲಿ ಅನೇಕವು ಈ ಸಿಹಿರಸ ಕುಡಿದಿರುವುದು ಖಚಿತವಾಯಿತು. ಮಾಂಸಾಹಾರಿಯೆಂದು ನಾವು ತಿಳಿದ ಜೇಡ ಸಿಹಿಯನ್ನೂ ಉಣ್ಣುತ್ತದೆ! ಬೇಟೆ ಕಡಿಮೆಯಿದ್ದ ದಿನಗಳಲ್ಲಿ ಸಕ್ಕರೆ ರಸ ಸಿಕ್ಕ ಹಿಬಾನಾ ಮರಿಗಳು ಸಿಗದ ಮರಿಗಳಿಗಿಂತ ಹೆಚ್ಚು ದಿನ ಬದುಕುತ್ತವೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ತಿಳಿದುಬಂತು. ಅಂದರೆ ಪೀಡೆ ಬರುವ ಮೊದಲೇ ಮಿತ್ರನನ್ನು ಹೊಲದಲ್ಲಿ ಉಳಿಸಿಕೊಳ್ಳುವುದು ಬೆಳೆಯ ಕೈಯಲ್ಲಿದೆ. ಕೆಲಸವಿಲ್ಲದ ದಿನ ಗಿಡವೇ ಇವಕ್ಕೆ ಗಂಜಿ ಹಾಕುತ್ತದೆ ಎನ್ನಬಹುದು.

ತಳಿವಿಜ್ಞಾನದ ಒಂದು ವಿಚಿತ್ರವನ್ನು ಇಲ್ಲಿ ನೆನೆಯಬೇಕು. ಹವಾಯಿ ದ್ವೀಪಗಳ ಕಾಡುಹತ್ತಿಯೊಂದರಲ್ಲಿ ಎಲೆಯ ಈ ಗ್ರಂಥಿಗಳಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿಗಳು ಆ ಗುಣವನ್ನು ಬೇಸಾಯದ ಹತ್ತಿಗೆ ತಂದರು. ಸಿಹಿರಸವಿಲ್ಲದಿದ್ದರೆ ತಿಗಣೆ ಜಾತಿಯ ಪೀಡೆಗಳು ಮತ್ತು ಪತಂಗಗಳು ಕಡಿಮೆ ಬರುತ್ತವೆ ಎಂಬುದು ಅವರ ಎಣಿಕೆ, ಅದು ಸುಳ್ಳೂ ಅಲ್ಲ. ಆದರೆ ಶತ್ರುವಿಗೆ ಬಾಗಿಲು ಹಾಕುವಾಗ ಮಿತ್ರನ ಊಟವೂ ನಿಂತಿತು ಎಂಬುದನ್ನು ಆ ಕಾಲದಲ್ಲಿ ಯಾರು ಯೋಚಿಸಬೇಕಿತ್ತು? ಹೊಸ ತಳಿಯನ್ನು ತೂಗುವಾಗ ಇಳುವರಿ, ಎಳೆಯ ಉದ್ದಗಳ ಜೊತೆಗೆ ಇಂಥ ಗುಣವನ್ನೂ ನೋಡಬೇಕೆಂದು ನಮ್ಮ ತಳಿ ತಜ್ಞರಲ್ಲಿ ನನ್ನ ಬಿನ್ನಹ.

ಇಲ್ಲಿ ಒಬ್ಬ ರೈತ ಬಾಂಧವರು ನನ್ನನ್ನು ತಡೆದು ಕೇಳಬಹುದು: “ಡಾಕ್ಟರೇ, ಆ ಜೇಡ ಅಲ್ಲಿದೆ, ನಾವು ಇಲ್ಲಿದ್ದೇವೆ. ಅದನ್ನು ತರಿಸಿ ಬಿಡುತ್ತೀರಾ?” ತರಿಸುವುದು ಬೇಡ. ಯಾಕೆ ಬೇಡವೆಂಬುದನ್ನು ಎರಡು ಪೀಡೆಗಳ ಪ್ರಯಾಣದಿಂದ ಹೇಳುವುದು ಸುಲಭ.

ಲಿಂಬೆ, ಕಿತ್ತಳೆಯ ಎಳೆ ಎಲೆಗಳಲ್ಲಿ ಬೆಳ್ಳಿಗೆರೆಯ ಚಿತ್ತಾರ ಬರೆಯುವ ರಂಗೋಲಿ ಹುಳುವನ್ನು ಇಂಡಿ ಭಾಗದ ಲಿಂಬೆ ಬೆಳೆಗಾರರಿಗೆ, ಕೊಡಗಿನ ಕಿತ್ತಳೆಯವರಿಗೆ ಪರಿಚಯಿಸಬೇಕಾಗಿಲ್ಲ. ಅದು ನಮ್ಮ ಏಷ್ಯಾದ ಪೀಡೆ. 1993ರಲ್ಲಿ ಅದು ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ಭಾಗದಲ್ಲಿ ಕಾಣಿಸಿಕೊಂಡು, ಬಹುಬೇಗ ರಾಜ್ಯವನ್ನೆಲ್ಲ ಆವರಿಸಿತು. ಎಲೆಯಲ್ಲಿ ಅದು ಮಾಡಿದ ಗಾಯಗಳಿಂದ ಕಜ್ಜಿ ರೋಗಕ್ಕೂ ದಾರಿಯಾಗುತ್ತದೆ. ಅಲ್ಲಿನವರು ಮರುವರ್ಷವೇ ಆಸ್ಟ್ರೇಲಿಯಾದಿಂದ ಪರತಂತ್ರ ಕಣಜ ತರಿಸಿ ಬಿಟ್ಟರು. ಅದರಿಂದ ಪ್ರಯೋಜನವೂ ಆಯಿತು. ಇತ್ತ ಯಾರೂ ತರಿಸದೆ ಕೆಲಸಕ್ಕೆ ಇಳಿದಿದ್ದವರು ಬೇರೆಯೇ ಇದ್ದರು. ದಕ್ಷಿಣ ಫ್ಲೋರಿಡಾದ ಲಿಂಬೆ ತೋಟಗಳಲ್ಲಿ ಡಿವಿನಾ ಅಮಾಲಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಮೂರು ಬಗೆಯ ರಾತ್ರಿಜೇಡಗಳು ಈ ಹುಳುವನ್ನು ತಿನ್ನುತ್ತಿರುವುದು ಕಂಡುಬಂತು. ಅವುಗಳಲ್ಲಿ ಒಂದು ಹಿಬಾನಾ ವೆಲಾಕ್ಸ್. ವೆಲಾಕ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ವೇಗಿ ಎಂದರ್ಥ. ಹುಳು ಎಲೆಯ ಪೊರೆಯೊಳಗೆ ಅಡಗಿದೆ, ಹೊರಗೆ ಕಾಣುವುದೇ ಇಲ್ಲ. ಅದು ಒಳಗೆ ಅಲುಗಾಡುವ ಕಂಪನವನ್ನು ಕಾಲಿನಿಂದ ತಿಳಿದು, ಪೊರೆಯ ಮೇಲಿಂದಲೇ ಹಲ್ಲೂರಿ ಹೀರುವುದು ಅಥವಾ ಪೊರೆಯನ್ನು ಸೀಳಿ ಹುಳುವನ್ನು ಹೊರಗೆಳೆಯುವುದು ಈ ಗುಂಪಿನ ಜೇಡಗಳ ಕ್ರಮ.

ಹಿಬಾನಾದ ಮುತ್ತಜ್ಜಿಯೂ ಕಂಡಿರದ ಹುಳು ಅದು. ಆದರೂ ಕೆಲವೇ ವರ್ಷಗಳಲ್ಲಿ ಅದರ ಊಟದ ಎಲೆಗೆ ಬಂತು. ಜೇಡಕ್ಕೆ ಇಂಥದೇ ಬೇಟೆ ಬೇಕೆಂಬ ಹಟವಿಲ್ಲ. ತನ್ನ ಅಳತೆಗೆ ಒಗ್ಗುವುದು ಯಾವುದಾದರೂ ಸರಿ.

ಈಗ ಎದುರು ದಿಕ್ಕಿನ ಪ್ರಯಾಣ ನೋಡಿ. ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಅಮೆರಿಕದ್ದು. 2018ರಲ್ಲಿ ಅದು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿಯೇ. ಪೀಡೆ ಬಂತು, ಅದರ ನಾಡಿನ ಜೇಡ ಬರಲಿಲ್ಲ. ಹಾಗೆಂದು ನಮ್ಮ ಹೊಲ ಬರಿದಾಗಿದೆಯೇ? ಹಿಬಾನಾದ ಜೊತೆಗಾರನೆಂದು ಮೇಲೆ ಹೇಳಿದ ಚೈರಕ್ಯಾಂಥಿಯಂ ಕುಲದ ಜೇಡಗಳು ನಮ್ಮ ದೇಶದಲ್ಲಿಯೂ ಇವೆ. ಎಲೆ ಮಡಚಿ ನೂಲಿನ ಚೀಲ ಕಟ್ಟಿ ಮಲಗುವ ಹಳದಿ ಜೇಡ ಇದೇ. ಹತ್ತಿ, ತೊಗರಿ, ಭತ್ತದಲ್ಲಿ ಮುಳ್ಳುಗಾಲಿನ ಆಕ್ಸಿಯೋಪಿಸ್ ಜೇಡ, ಭತ್ತದ ಗದ್ದೆಯ ನೀರಿನ ಮೇಲೆಯೇ ಓಡಬಲ್ಲ ತೋಳಜೇಡ, ಹಗಲಿನಲ್ಲಿ ನೆಗೆದು ಹಿಡಿಯುವ ಜಿಗಿಜೇಡ, ಹೀಗೆ ಹಲವು ಬಗೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವು ಇವನ್ನು ಎಣಿಸುವುದಿಲ್ಲ. ಫ್ಲೋರಿಡಾದ ಜೇಡ ಏಷ್ಯಾದ ಹುಳುವನ್ನು ತಿನ್ನಲು ಕಲಿತರೆ, ನಮ್ಮ ಜೇಡ ಅಮೆರಿಕದ ಹುಳುವನ್ನು ಮುಟ್ಟದಿರಲು ಕಾರಣವಿಲ್ಲ. ಬೇಕಾದದ್ದು ಅದನ್ನು ಬದುಕಗೊಡುವುದು, ಮತ್ತು ಯಾವ ಜೇಡ ಯಾವ ಬೆಳೆಯಲ್ಲಿ ಎಷ್ಟು ತತ್ತಿ ತಿನ್ನುತ್ತದೆ ಎಂದು ನಮ್ಮ ಸಂಶೋಧನಾ ಕೇಂದ್ರಗಳು ವೆಸ್ಲಾಕೊದವರಂತೆ ನಿದ್ದೆಗೆಟ್ಟು ನೋಡುವುದು. ನಮ್ಮ ಪ್ರಯೋಗಗಳಲ್ಲಿ ‘ಮಿತ್ರಕೀಟಗಳ ಸಂಖ್ಯೆ’ ಎಂಬ ಕಾಲಮಿನಲ್ಲಿ ಬೆಳಗಿನ ಹತ್ತು ಗಂಟೆಯ ಗುಲಗಂಜಿ ಹುಳುವೇ ತುಂಬಿರುತ್ತದೆ. ಸಂಬಳದ ಹೊತ್ತಿಗೆ ಸರಿಯಾಗಿ ಪ್ರಕೃತಿ ಕೆಲಸ ಮಾಡಬೇಕೆಂದು ನಾವು ಬಯಸಿದಂತಿದೆ.

ಜೇಡದ ಪರವಾಗಿ ವಕಾಲತ್ತು ಹಿಡಿದು ಅದರ ಮಿತಿಗಳನ್ನು ಮರೆಸುವುದು ನ್ಯಾಯವಲ್ಲ. ಜೇಡಕ್ಕೆ ಶತ್ರು ಮಿತ್ರ ಎಂಬ ಭೇದವಿಲ್ಲ. ಗುಲಗಂಜಿ ಹುಳುವಿನ ಮರಿಯೂ, ತನ್ನ ಕುಲದ ಚಿಕ್ಕ ಜೇಡವೂ ಅದಕ್ಕೆ ಆಹಾರವೇ. ಪೀಡೆ ಒಮ್ಮೆಲೇ ಸಿಡಿದೆದ್ದಾಗ ಜೇಡಗಳಿಂದ ತಡೆಯಲಾಗದು. ಬಿ.ಟಿ. ಹತ್ತಿಯ ಇಂದಿನ ದೊಡ್ಡ ತೊಂದರೆಯಾದ ಗುಲಾಬಿ ಕಾಯಿಕೊರಕ ಹುಟ್ಟಿದ ಕೂಡಲೇ ಕಾಯಿಯೊಳಗೆ ಸೇರುತ್ತದೆ. ಒಳಹೊಕ್ಕ ಮೇಲೆ ಯಾವ ಜೇಡವೂ ಅದನ್ನು ಮುಟ್ಟಲಾರದು. ಅದಕ್ಕೆ ಮೋಹಕ ಬಲೆ, ಸಕಾಲದಲ್ಲಿ ಬೆಳೆ ಮುಗಿಸುವುದು, ಹತ್ತಿಕಟ್ಟಿಗೆಯನ್ನು ಹೊಲದಲ್ಲಿ ಬಿಡದಿರುವುದು ಇವೇ ದಾರಿ. ಹಸಿರು ಕಾಯಿಕೊರಕದ ಕಾಟ ಇಂದು ಬಿ.ಟಿ. ಹತ್ತಿಗಿಂತ ತೊಗರಿ, ಕಡಲೆ, ಟೊಮೆಟೊ ಬೆಳೆಗಳಲ್ಲಿ ಹೆಚ್ಚು. ಆದ್ದರಿಂದ ನನ್ನ ಮಾತು ಈ ಬೆಳೆಗಳವರಿಗೆ ಮೊದಲು ಸಲ್ಲುತ್ತದೆ. ಹತ್ತಿಯವರಿಗೆ ಬೇರೊಂದು ಎಚ್ಚರಿಕೆ: ಜಿಗಿಹುಳು, ಥ್ರಿಪ್ಸ್ ನುಸಿಗೆಂದು ಮೊದಲ ತಿಂಗಳಲ್ಲೇ ಎರಡು ಮೂರು ಔಷಧಿ ಬೆರೆಸಿ ಹೊಡೆಯುವುದರಿಂದ ಜೇಡ ಹೊಲದಲ್ಲಿ ನೆಲೆಯೂರುವುದೇ ಇಲ್ಲ.

ಹಾಗಾದರೆ ತತ್ತಿ ಕಂಡಾಗ ಏನು ಮಾಡಬೇಕು? ಕೈಕಟ್ಟಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ತತ್ತಿ ಕಂಡ ಕುಡಿಗಳಿಗೆ ದಾರ ಕಟ್ಟಿ ಗುರುತು ಮಾಡಿರಿ. ದಿನ ಬಿಟ್ಟು ದಿನ ಅದೇ ಕುಡಿಗಳನ್ನು ನೋಡಿರಿ. ತತ್ತಿ ಮಾಯವಾಗಿದೆಯೋ, ಸಿಪ್ಪೆಯಾಗಿದೆಯೋ, ಪರತಂತ್ರ ಕಣಜದಿಂದ ಕಪ್ಪಾಗಿದೆಯೋ, ಒಡೆದು ಮರಿಕೀಡೆ ಬಂದಿದೆಯೋ ನೋಡಿ ನಿರ್ಧರಿಸಿರಿ. ಮರಿಕೀಡೆ ಶಿಫಾರಸಿನ ಮಟ್ಟ ಮುಟ್ಟಿದರೆ ಮಾತ್ರ ಸಿಂಪರಣೆ, ಅದರಲ್ಲಿಯೂ ಮೊದಲ ಆಯ್ಕೆ ಎನ್.ಪಿ.ವಿ. ನಂಜಾಣು, ಬಿ.ಟಿ. ದ್ರಾವಣ, ಬೇವಿನ ಬೀಜದ ಕಷಾಯ. ನಂಜಾಣು ಕೀಡೆಗಲ್ಲದೆ ಜೇಡಕ್ಕೆ ತಗಲುವುದಿಲ್ಲ, ಬೇವಿನಿಂದಲೂ ಜೇಡಕ್ಕೆ ಆಗುವ ಹಾನಿ ಕಡಿಮೆ. ಇವೆಲ್ಲ ಮರಿಕೀಡೆ ಚಿಕ್ಕದಿರುವಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ, ಹೀಗಾಗಿ ದಿನ ಬಿಟ್ಟು ದಿನ ನೋಡುವ ಶ್ರಮವನ್ನು ತಪ್ಪಿಸುವಂತಿಲ್ಲ. “ಎರಡು ದಿನ ತಡಮಾಡಿದರೆ ಬೆಳೆ ಹೋಯಿತು” ಎಂದು ಔಷಧಿ ಅಂಗಡಿಯಲ್ಲಿ ಹೇಳುತ್ತಾರೆ. ನೋಡದೆ ತಡಮಾಡಿದರೆ ಆ ಮಾತು ನಿಜ. ನೋಡುತ್ತ ತಡೆದರೆ ನಿಜವಲ್ಲ. ಒಂದು ಸಿಂಪರಣೆ ಉಳಿದರೆ ಔಷಧಿಯ ಹಣ, ಆಳಿನ ಕೂಲಿ ಎರಡೂ ಉಳಿದವು.

ಬೇಸಾಯ ಕ್ರಮದಲ್ಲಿಯೂ ಜೇಡಕ್ಕೆ ಸ್ಥಳ ಮಾಡಿಕೊಡಬಹುದು. ಹತ್ತಿಯ ಸುತ್ತ ಔಡಲ, ಸಾಲುಗಳ ನಡುವೆ ಅಲಸಂದಿ ಹಾಕಬೇಕೆಂದು ಮೊದಲಿನಿಂದಲೂ ಹೇಳುತ್ತಿದ್ದೇವೆ. ಒಂದು ಎಲೆ ತಿನ್ನುವ ಕೀಡೆಯನ್ನು ಸೆಳೆಯುತ್ತದೆ, ಇನ್ನೊಂದು ಗುಲಗಂಜಿ ಹುಳುವನ್ನು ಸಾಕುತ್ತದೆ ಎಂಬುದು ಕಾರಣ. ಟೆಕ್ಸಾಸ್‌ನ ಕೆಲಸ ಓದಿದ ಮೇಲೆ ಮತ್ತೊಂದು ಕಾರಣ ಸೇರಿತೆಂದು ನನಗೆ ತೋರುತ್ತದೆ. ಔಡಲದ ಎಲೆತೊಟ್ಟಿನಲ್ಲಿ, ಅಲಸಂದಿಯ ಹೂಗೊಂಚಲಿನಲ್ಲಿ ಹತ್ತಿಯಂತೆಯೇ ಸಿಹಿರಸದ ಗ್ರಂಥಿಗಳಿವೆ. ಬದುವಿನ ಹುಲ್ಲನ್ನು ಪೂರ್ತಿ ಕೆತ್ತಿ ಸುಡುವ ಪದ್ಧತಿಯನ್ನೂ ಸ್ವಲ್ಪ ಸಡಿಲಿಸಬೇಕು. ಬೀಜ ಕಟ್ಟಿ ಹೊಲಕ್ಕೆ ಹರಡುವ ಕಳೆಯನ್ನು ಕೀಳುವುದು ಸರಿ, ಆದರೆ ಎಲ್ಲ ಬದುಗಳನ್ನೂ ಒಂದೇ ದಿನ ಬೋಳಿಸಿದರೆ ಜೇಡಗಳಿಗೆ ಬೇಸಿಗೆ ಕಳೆಯಲು ನೆರಳಿಲ್ಲ. ನೆಲದ ಮೇಲೆ ಒಣ ಎಲೆ, ಕೂಳೆಯ ಹೊದಿಕೆ ಇದ್ದರೆ ತೇವದ ಜೊತೆಗೆ ತೋಳಜೇಡವೂ ಉಳಿಯುತ್ತದೆ.

ಜೇಡ ಹರಿದರೆ ಮೈಮೇಲೆ ಗುಳ್ಳೆ ಏಳುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿದೆ. ಮಳೆಗಾಲದಲ್ಲಿ ಕತ್ತು, ತೋಳಿನ ಮೇಲೆ ಗೆರೆ ಎಳೆದಂತೆ ಏಳುವ ಉರಿಗುಳ್ಳೆ ಅನೇಕ ಸಲ ಪೆಡೆರಸ್ ಎಂಬ ಸಣ್ಣ ಕೆಂಪು-ಕಪ್ಪು ಹುಳುವನ್ನು ಮೈಮೇಲೆ ಉಜ್ಜಿದ್ದರಿಂದ ಆದದ್ದು, ಜೇಡದಿಂದಲ್ಲ. ಆ ಹುಳುವೂ ಹೊಲದಲ್ಲಿ ಪೀಡೆಗಳನ್ನು ತಿನ್ನುವ ಮಿತ್ರನೇ, ಅದು ಬೇರೆ ಮಾತು. ಹಳದಿ ಚೀಲಜೇಡವನ್ನು ಬರಿಗೈಯಲ್ಲಿ ಹಿಸುಕಿದರೆ ಅದು ಕಚ್ಚುವುದುಂಟು, ಸ್ವಲ್ಪ ಉರಿಯುತ್ತದೆ. ಹಿಸುಕದಿದ್ದರೆ ತನ್ನ ಪಾಡಿಗೆ ತಾನು ಓಡುತ್ತದೆ.

ಈ ಹಂಗಾಮಿನಲ್ಲಿ ತೊಗರಿ ಹೂವಾಡುವಾಗ ಒಂದು ರಾತ್ರಿ, ಊಟ ಮುಗಿಸಿ ಎಂಟು ಒಂಬತ್ತು ಗಂಟೆಯ ಸುಮಾರಿಗೆ ಹೊಲಕ್ಕೆ ಹೋಗಿ ನೋಡಿರಿ. ಒಬ್ಬರೇ ಹೋಗಬೇಡಿ. ಹಾವಿನ ಭಯವಿರುವುದರಿಂದ ಮೊಣಕಾಲಿನವರೆಗೆ ಬರುವ ಬೂಟು ಮತ್ತು ಕೋಲು ಇರಲಿ. ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ನೆಲದ ಮೇಲೆ ಬೆಳಕು ಹಾಯಿಸಿದರೆ ತೋಳಜೇಡಗಳ ಕಣ್ಣು ಇಬ್ಬನಿಯ ಹನಿಗಳಂತೆ ಹೊಳೆಯುತ್ತವೆ. ಎಲೆ ಮೇಲೆ ಓಡುವವು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹೂಗೊಂಚಲನ್ನು ಮೆಲ್ಲಗೆ ಬಿಳಿ ಬಟ್ಟೆಯ ಮೇಲೆ ತಟ್ಟಿದರೆ ಉದುರುತ್ತವೆ. ಔಷಧಿ ಹೊಡೆದ ಹೊಲದಲ್ಲಿ ಹತ್ತು ಗಿಡ, ಹೊಡೆಯದ ಹೊಲದಲ್ಲಿ ಹತ್ತು ಗಿಡ ತಟ್ಟಿ, ಎಣಿಸಿ, ದಿನಾಂಕದೊಡನೆ ಬರೆದಿಟ್ಟುಕೊಳ್ಳಿರಿ.